ಬೆಳಕಿನ ಕೋಲಿನಿಂದ ಮುಗಿಲಿನ ಅಳತೆ



ಪುಷ್ಯ ಮಳೆಯ ದಿನಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲ. ಸಜ್ಜೆ ಮೊಣಕಾಲೆತ್ತರ ಬಂದಿದೆ. ಪಡುವಣ ಗಾಳಿ ಹಗಲೂ ರಾತ್ರಿ ಒಂದೇ ಸಮನೆ ಬೀಸುತ್ತಿದೆ. ಗಾಳಿಯ ಬೆನ್ನು ಹತ್ತಿ ಮೋಡಗಳು ಕುರಿಹಿಂಡಿನಂತೆ ಸಾಲುಗಟ್ಟಿ ಬರುತ್ತವೆ, ತಲೆಯ ಮೇಲೆ ಹಾಯುತ್ತವೆ, ರಾಯಚೂರಿನ ದಿಕ್ಕಿಗೆ ಹೋಗಿಬಿಡುತ್ತವೆ. ಎಂಟು ದಿನ ಆಯಿತು, ಹತ್ತು ದಿನ ಆಯಿತು. ಹನಿ ಇಲ್ಲ. ಸಜ್ಜೆಯ ಎಲೆ ಮಧ್ಯಾಹ್ನಕ್ಕೆ ಸುರುಳಿ ಸುತ್ತುತ್ತದೆ.

ಬದುವಿನ ಮೇಲೆ ನಿಂತ ಹುಡುಗ ಅಜ್ಜನನ್ನು ಕೇಳುತ್ತಾನೆ: “ಯಜ್ಜಾ, ಮುಗಿಲ ತುಂಬ ಮೋಡ ಅದಾವು. ನೆಳ್ಳು ಬೀಳ್ತೈತಿ, ಹನಿ ಯಾಕ ಬೀಳವಲ್ದು?”

ಅಜ್ಜ ಅನ್ನುತ್ತಾನೆ: “ನೆಳ್ಳು ಕೊಡೂ ಮೋಡ ಬ್ಯಾರೆ, ನೀರು ಕೊಡೂ ಮೋಡ ಬ್ಯಾರೆ, ತಮ್ಮಾ.”

ಅಜ್ಜನ ಮಾತು ನಿಜ. ಆದರೆ ಯಾವುದು ನೆರಳಿನ ಮೋಡ, ಯಾವುದು ನೀರಿನ ಮೋಡ ಎಂಬುದನ್ನು ಕೆಳಗೆ ನಿಂತು ತಿಳಿಯುವುದು ಹೇಗೆ? ಮುಗಿಲಿಗೆ ಏಣಿ ಹಚ್ಚಲು ಬರುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಒಂದು ಕೋಲು ಮಾಡಿಕೊಂಡಿದ್ದಾರೆ. ಅದು ಬಿದಿರಿನದಲ್ಲ, ಕಬ್ಬಿಣದ್ದಲ್ಲ, ಬೆಳಕಿನದು. ಆ ಯಂತ್ರಕ್ಕೆ ‘ಲೈಡಾರ್’ ಎಂದು ಹೆಸರು. ಬೆಳಕನ್ನು ಬಿಟ್ಟು, ಎದುರಿಗಿರುವುದನ್ನು ಕಂಡು, ಅದರ ದೂರವನ್ನು ಅಳೆಯುವುದು ಎಂಬುದೇ ಆ ಹೆಸರಿನ ಅರ್ಥ. ಗಾಳಿಯಲ್ಲಿರುವ ನೀರಿನ ಆವಿಯನ್ನು, ಧೂಳು ಹೊಗೆಯನ್ನು, ಮೋಡವನ್ನು ಅದು ಹೇಗೆ ಅಳೆಯುತ್ತದೆ, ಆ ಅಳತೆಯಿಂದ ನಮ್ಮ ಒಕ್ಕಲುತನಕ್ಕೆ ಏನು ತಿಳಿಯುತ್ತದೆ ಎಂಬುದನ್ನು ಈ ಹೊತ್ತು ನೋಡೋಣ.

ಗಾಳಿಯಲ್ಲಿ ಅಡಗಿದ ನೀರು

ಮೊದಲು ಆವಿಯ ಮಾತು. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಅನ್ನದ ಗಡಿಗೆಯ ಬಾಯಲ್ಲಿ ಬೆಳ್ಳಗೆ ಕಾಣುವುದು ಆವಿಯಲ್ಲ, ಆವಿ ತಣ್ಣಗಾಗಿ ಕಟ್ಟಿದ ಸಣ್ಣ ಸಣ್ಣ ಹನಿಗಳು. ನಿಜವಾದ ಆವಿ ಗಾಳಿಯಲ್ಲಿ ಗಾಳಿಯಾಗಿಯೇ ಬೆರೆತಿರುತ್ತದೆ. ಆದರೂ ಮನೆಯ ಹೆಣ್ಣುಮಕ್ಕಳಿಗೆ ಅದರ ಗುರುತು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ಥಣ್ಣಗಾಗುತ್ತದೆ, ಆಷಾಢದಲ್ಲಿ ಅಷ್ಟು ಥಣ್ಣಗಾಗುವುದಿಲ್ಲ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅಂದರೆ ಆಗ ಗಾಳಿ ನೀರುಂಡು ತುಂಬಿದೆ ಎಂದು ಅರ್ಥ.

ಎಷ್ಟು ನೀರು ಉಣ್ಣಬಲ್ಲದು? ಅದು ಬಿಸಿಯ ಮೇಲೆ ನಿಂತಿದೆ. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಗಾಳಿ 30 ಡಿಗ್ರಿ ಬಿಸಿಯಲ್ಲಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. 10 ಡಿಗ್ರಿಗೆ ಇಳಿದರೆ ಒಂಬತ್ತು ಗ್ರಾಮಿನ ಸುಮಾರು. ಹೆಚ್ಚಾದ ನೀರನ್ನು ಅದು ಹನಿಯಾಗಿ ಹೊರಗೆ ಹಾಕಲೇಬೇಕು. ಆದುದರಿಂದ ಬಿಸಿ ಗಾಳಿ ಮೇಲಕ್ಕೇರಿ ತಣ್ಣಗಾದಾಗ ಮೋಡ ಕಟ್ಟುತ್ತದೆ.

ಮುಂಗಾರು ದಿನಗಳಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಮೇಲಿನ ಗಾಳಿಯ ಆವಿಯನ್ನೆಲ್ಲ ನೆಲದಿಂದ ತುದಿಯವರೆಗೆ ಹಿಂಡಿದರೆ ಸುಮಾರು 4ರಿಂದ 5 ಸೆಂಟಿಮೀಟರು ನೀರು ನಿಲ್ಲುತ್ತದೆ. 4 ಸೆಂಟಿಮೀಟರು ಎಂದೇ ಹಿಡಿಯಿರಿ. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 1,60,000 ಲೀಟರು ಆಯಿತು. ನಿಮ್ಮ ಒಂದು ಎಕರೆ ಸಜ್ಜೆ ಹೊಲದ ಮೇಲೆ ಅಷ್ಟು ನೀರು ತೂಗಿ ನಿಂತಿದೆ, ಬೆಳೆ ಕೆಳಗೆ ಬಾಡುತ್ತಿದೆ!

ಹಾಗಾದರೆ ತೊಂದರೆ ಎಲ್ಲಿ? ಅರಬ್ಬೀ ಸಮುದ್ರದಿಂದ ಬರುವ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲಿಯೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರು ಮೀರಿ ಮಳೆ. ಘಟ್ಟ ಇಳಿದು ಈಚೆ ಬಂದ ಗಾಳಿ ಕೆಳಮುಖವಾಗುತ್ತದೆ, ಮತ್ತೆ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಆವಿಯನ್ನು ಬಿಟ್ಟುಕೊಡುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಈ ಮಳೆ ನೆರಳಿನ ನಾಡು. ನಮಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಚೀಚೆ, ಅದರಲ್ಲಿ ಒಂದು ದೊಡ್ಡ ಪಾಲು ಹುಬ್ಬಿ, ಉತ್ತರಿ, ಹಸ್ತದ ದಿನಗಳಲ್ಲಿ. ಆಗ ಗಾಳಿಯ ನೂಕು ತಗ್ಗುತ್ತದೆ, ನೆಲ ಕಾದು ಆವಿ ಗುಡುಗಿನ ಮೋಡವಾಗಿ ನೆಟ್ಟಗೆ ಮೇಲೇಳುತ್ತದೆ. ಆವಿ ಇದ್ದರೆ ಸಾಲದು, ಅದು ಮೇಲೇಳಬೇಕು. ಎಷ್ಟು ಎತ್ತರದಲ್ಲಿ ಎಷ್ಟು ಆವಿ ಇದೆ ಎಂಬುದು ತಿಳಿದರೆ ಮಾತ್ರ ಮೋಡ ಮೇಲೇಳುವುದೋ, ಚದರುವುದೋ ಎಂದು ಲೆಕ್ಕ ಹಾಕಲು ಬರುತ್ತದೆ.

ಬೆಳಕಿಂಡಿಯ ಪಾಠ

ಇನ್ನು ಯಂತ್ರದ ಕಡೆ ಬರೋಣ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಒಂದು ಬೆಳಕಿಂಡಿ ಇರುತ್ತದೆ. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಕೋಲಿನ ಹಾಗೆ ಒಳಗೆ ಇಳಿಯುತ್ತದೆ. ಒಳಗೆ ಯಾರಾದರೂ ಹಿಟ್ಟು ಸಾಣಿಸುತ್ತಿದ್ದರೆ ಆ ಬಿಸಿಲ ಕೋಲು ತುಂಬ ಹೊಳೆಯುವ ಕಣಗಳು ಕುಣಿಯುತ್ತವೆ. ಮನೆ ಗುಡಿಸಿ ಬಹಳ ಹೊತ್ತಾಗಿ ಧೂಳು ಕುಳಿತಿದ್ದರೆ ಕೋಲು ಮಂಕಾಗಿ ಕಾಣುತ್ತದೆ. ಬೆಳಕು ಕಣಕ್ಕೆ ತಗುಲಿ ನಾಲ್ಕೂ ದಿಕ್ಕಿಗೆ ಚೆದರಿ, ಅದರಲ್ಲಿ ಒಂದು ಪಾಲು ನಮ್ಮ ಕಣ್ಣಿಗೆ ಬರುತ್ತದೆ. ಕಣ ಹೆಚ್ಚಿದ್ದರೆ ಬೆಳಕು ಹೆಚ್ಚು, ಕಣ ಕಡಿಮೆ ಇದ್ದರೆ ಬೆಳಕು ಕಡಿಮೆ. ಲೈಡಾರಿನ ಅರ್ಧ ಗುಟ್ಟು ಇದೇ.

ಉಳಿದ ಅರ್ಧ ಗುಟ್ಟು ಆನೆಗೊಂದಿಯ ಬೆಟ್ಟಗಳಲ್ಲಿದೆ. ಬಂಡೆಗೆ ಎದುರಾಗಿ ನಿಂತು “ಹೋ!” ಎಂದು ಕೂಗಿದರೆ ತುಸು ತಡೆದು “ಹೋ!” ಎಂದು ಮರುದನಿ ಬರುತ್ತದೆ. ಸಪ್ಪಳ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಕೂಗಿದ ಎರಡು ಸೆಕೆಂಡಿಗೆ ಮರುದನಿ ಬಂದರೆ ಹೋಗಲು ಒಂದು, ಬರಲು ಒಂದು. ಆದುದರಿಂದ ಬಂಡೆ 340 ಮೀಟರು ದೂರ. ಅಲ್ಲಿಗೆ ನಡೆದು ಹೋಗುವ ಕೆಲಸವೇ ಇಲ್ಲ.

ಲೈಡಾರು ಬೆಳಕಿನಿಂದ ಹೀಗೆಯೇ ಕೂಗುತ್ತದೆ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುವುದರಿಂದ ಗಡಿಯಾರ ಬಹಳ ಚುರುಕಾಗಿರಬೇಕು. ಮೂರು ಕಿಲೋಮೀಟರು ಎತ್ತರದ ಮೋಡಕ್ಕೆ ಮುಟ್ಟಿ ಹಿಂದಿರುಗಲು ಬೆಳಕಿಗೆ ಸೆಕೆಂಡಿನ ಐವತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಇಂದಿನ ವಿದ್ಯುತ್ ಉಪಕರಣಗಳು ಇದಕ್ಕಿಂತಲೂ ಸಣ್ಣ ಹೊತ್ತನ್ನು ಸರಿಯಾಗಿ ಎಣಿಸುತ್ತವೆ.

ಬೆಳಕೂ ಸಾಮಾನ್ಯದ್ದಲ್ಲ. ಕಂದೀಲಿನ ಬೆಳಕು ಸುತ್ತಲೂ ಹರಡುತ್ತದೆ. ಬ್ಯಾಟರಿ ದೀಪದ ಬೆಳಕು ಹೊಲದ ಆ ತುದಿಗೆ ಹೋಗುವಷ್ಟರಲ್ಲಿ ಅಗಲವಾಗಿ ಮಂಕಾಗುತ್ತದೆ. ಲೇಸರ್ ಬೆಳಕು ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತದೆ. ಈ ಲೇಸರನ್ನು ಅಮೆರಿಕದ ಮೈಮನ್ ಎಂಬವರು ಮೊದಲು ಮಾಡಿ ತೋರಿಸಿದ್ದು 1960ರಲ್ಲಿ. ಮೂರೇ ವರ್ಷಕ್ಕೆ, 1963ರಲ್ಲಿ, ಫಿಯೊಕ್ಕೊ ಮತ್ತು ಸ್ಮಲಿನ್ ಎಂಬವರು ಅದನ್ನು ಆಕಾಶಕ್ಕೆ ಬಿಟ್ಟು ಬಹಳ ಎತ್ತರದ ಗಾಳಿಯಿಂದ ಬೆಳಕಿನ ಮರುದನಿಯನ್ನು ಹಿಡಿದರು.

ಯಂತ್ರದ ಅಂಗಗಳು ಮೂರೇ. ಒಂದು, ಬೆಳಕಿನ ಸಿಡಿತ ಬಿಡುವ ಲೇಸರು. ಎರಡು, ಹಿಂದಿರುಗಿದ ಬೆಳಕನ್ನು ಕೂಡಿಸುವ ಬಟ್ಟಲುಗನ್ನಡಿ, ಅಂದರೆ ದೂರದರ್ಶಕ. ಮೂರು, ಬಂದ ಬೆಳಕನ್ನು ಎಣಿಸಿ ಬರೆದಿಡುವ ಪೆಟ್ಟಿಗೆ. ಒಂದೊಂದು ಸಿಡಿತ ಇರುವುದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು. ಮೊದಲು ಬಂದ ಬೆಳಕು ಹತ್ತಿರದ ಗಾಳಿಯದು, ಆಮೇಲೆ ಬಂದದ್ದು ದೂರದ್ದು. ಹೀಗೆ ಒಂದು ಸಿಡಿತದಿಂದಲೇ ನೆಲದಿಂದ ಮೇಲಿನವರೆಗೆ ಗಾಳಿಯ ಪದರು ಪದರಿನ ಪಟ್ಟಿ ಸಿಕ್ಕುತ್ತದೆ. ಬಾವಿ ತೋಡುವಾಗ ಮೇಲೆ ಎರೆ, ಕೆಳಗೆ ಗರಸು, ಅದರ ಕೆಳಗೆ ಕಲ್ಲು ಎಂದು ಪದರು ತಿಳಿಯುವುದಿಲ್ಲವೇ? ಲೈಡಾರು ಮುಗಿಲಿನಲ್ಲಿ ಬಾವಿ ತೋಡಿದ ಹಾಗೆ.

ಇಲ್ಲೊಂದು ಎಚ್ಚರದ ಮಾತು. ಜಾತ್ರೆಯಲ್ಲಿ ಕೆಂಪು, ಹಸಿರು ಲೇಸರ್ ಬೆಳಕಿನ ಆಟಿಕೆ ಮಾರುತ್ತಾರೆ. ಅದನ್ನು ಮಕ್ಕಳ ಕಣ್ಣಿಗೆ, ದನದ ಕಣ್ಣಿಗೆ ಬಿಡಬೇಡಿರಿ. ಕಣ್ಣಿನ ಒಳಪರದೆ ಸುಡುತ್ತದೆ.

ಮೋಡದ ಒಳಗೆ ಹನಿಯೋ, ಹಿಮವೋ

ಮೋಡವನ್ನು ಗುರುತಿಸುವುದು ಲೈಡಾರಿಗೆ ಸುಲಭ. ಬೆಳಕು ಮೇಲೇರುತ್ತ ಹೋಗಿ ಮೋಡದ ತಳಕ್ಕೆ ತಗುಲಿದ ಕ್ಷಣ ಮರುಬೆಳಕು ಭಗ್ಗನೆ ಹೆಚ್ಚುತ್ತದೆ. ಆ ಹೊತ್ತಿನಿಂದ ಮೋಡದ ತಳ ಎಷ್ಟು ಎತ್ತರ ಎಂದು ತಿಳಿಯಿತು. ಈ ಕೆಲಸಕ್ಕಷ್ಟೇ ಮಾಡಿದ ಸಣ್ಣ ಲೈಡಾರುಗಳನ್ನು ವಿಮಾನ ನಿಲ್ದಾಣಗಳಲ್ಲಿ ಇಟ್ಟಿರುತ್ತಾರೆ.

ಇನ್ನೊಂದು ಜಾಣತನವಿದೆ. ಲೇಸರ್ ಬೆಳಕಿನ ಅಲೆಯನ್ನು ಒಂದೇ ಓರೆಯಲ್ಲಿ ಆಡುವಂತೆ ಮಾಡಿ ಕಳಿಸಬಹುದು. ದುಂಡನೆಯ ನೀರಿನ ಹನಿಗೆ ತಗುಲಿ ಬಂದರೆ ಆ ಓರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮೂಲೆ ಮೂಲೆಯಾದ ಹಿಮದ ಹರಳಿಗೋ, ಒರಟಾದ ಮಣ್ಣಿನ ಕಣಕ್ಕೋ ತಗುಲಿ ಬಂದರೆ ಓರೆ ಕೆಡುತ್ತದೆ. ಗೋಲಿಯನ್ನು ದುಂಡುಕಲ್ಲಿಗೆ ಹೊಡೆದರೆ ಒಂದು ಬಗೆ, ಮುರಿದ ಜಲ್ಲಿಗೆ ಹೊಡೆದರೆ ಒಂದು ಬಗೆ ಪುಟಿಯುವಂತೆ. ಇದರಿಂದ ಈ ಮೋಡದಲ್ಲಿರುವುದು ಹನಿಯೋ, ಹಿಮವೋ ಎಂದು ನೆಲದ ಮೇಲಿಂದಲೇ ಹೇಳಬಹುದು. ಬಹಳ ಎತ್ತರದಲ್ಲಿ ಹತ್ತಿ ಹಿಂಜಿದಂತೆ ಕಾಣುವ ತೆಳು ಮೋಡ ಪೂರ್ತಿ ಹಿಮದ್ದು. ಅದು ನಮಗೆ ಹನಿ ಕೊಡುವ ಮೋಡವಲ್ಲ.

ಧೂಳಿನ ಎರಡು ಗುಣ

ಈಗ ಧೂಳಿನ ವಿಚಾರ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳಿಗೆ ಏರೋಸಾಲ್ ಎಂದು ಹೆಸರು. ಸಮುದ್ರದ ಉಪ್ಪು, ಹೊಲದ ಮಣ್ಣು, ಒಲೆಯ ಹೊಗೆ, ಲಾರಿಯ ಹೊಗೆ, ಗಿಣಿಗೇರಿ ಕಡೆಯ ಕಾರ್ಖಾನೆಗಳ ಹೊಗೆ ಮತ್ತು ಬೂದಿ, ಎಲ್ಲವೂ ಇದರಲ್ಲಿ ಸೇರಿವೆ. ಇದನ್ನು ಬರೀ ಕೇಡು ಎಂದು ತಿಳಿಯಬೇಡಿರಿ. ಗಾಳಿಯಲ್ಲಿ ಕಣವೇ ಇಲ್ಲದಿದ್ದರೆ ಮೋಡ ಕಟ್ಟುವುದು ಕಷ್ಟ. ಬೀಜವಿಲ್ಲದೆ ಪೈರಿಲ್ಲ. ಹಾಗೆಯೇ ಒಂದೊಂದು ಮೋಡದ ಹನಿಗೂ ನಡುವೆ ಒಂದು ಕಣ ಬೇಕು. ಆ ಕಣದ ಮೇಲೆ ಆವಿ ಕಟ್ಟಿಕೊಳ್ಳುತ್ತದೆ.

ಆದರೆ ಬೀಜ ಅತಿಯಾದರೆ? ಎಕರೆಗೆ ಬೇಕಾದ್ದಕ್ಕಿಂತ ಮೂರು ಪಟ್ಟು ದಟ್ಟವಾಗಿ ಜೋಳ ಬಿತ್ತಿ ನೋಡಿರಿ. ದಂಟು ಕಡ್ಡಿಯಾಗುತ್ತದೆ, ತೆನೆ ಬೆರಳಿನಷ್ಟಾಗುತ್ತದೆ. ಇದ್ದ ತೇವವನ್ನು ಎಲ್ಲವೂ ಹಂಚಿಕೊಂಡವು, ಯಾವುದಕ್ಕೂ ಸಾಲಲಿಲ್ಲ. ಮೋಡದಲ್ಲಿಯೂ ಹೀಗೆಯೇ. ಮೋಡದ ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು, ಇಲ್ಲವೇ ಅದಕ್ಕಿಂತ ಸಣ್ಣದು. ನೆಲಕ್ಕೆ ಬೀಳುವ ಮಳೆಹನಿ ಎರಡು ಮಿಲಿಮೀಟರಿನ ಸುಮಾರು. ಹತ್ತು ಲಕ್ಷದಷ್ಟು ಮೋಡದ ಹನಿ ಒಂದುಗೂಡಿದರೆ ಒಂದು ಮಳೆಹನಿ. ಹೊಗೆಯ ಸಣ್ಣ ಕಣ ಅತಿಯಾದಾಗ ಆವಿ ಎಲ್ಲಕ್ಕೂ ಹಂಚಿಹೋಗಿ ಹನಿಗಳು ಬಹಳ ಸಣ್ಣವಾಗಿ ಉಳಿಯುತ್ತವೆ. ಒಂದನ್ನೊಂದು ಬಡಿದು ಕೂಡುವಷ್ಟು ಭಾರ ಅವುಗಳಿಗೆ ಬರುವುದಿಲ್ಲ. ತಗ್ಗಿನ ತೆಳು ಮೋಡ ಸುರಿಯದೆ ಹಾಗೆಯೇ ಗಾಳಿಯ ಪಾಲಾಗುತ್ತದೆ. ಉಪ್ಪಿನಂತಹ ದಪ್ಪ ಕಣಗಳಿದ್ದರೆ ಅದಕ್ಕೆ ವಿರುದ್ಧ: ಅವುಗಳ ಮೇಲೆ ದೊಡ್ಡ ಹನಿ ಬೇಗ ಕಟ್ಟುತ್ತದೆ.

ಮಳೆ ಬಾರದಿರಲು ಹೊಗೆಯೊಂದೇ ಕಾರಣ ಎಂದು ಮಾತ್ರ ಹೇಳಲಾಗದು. 2023ರ ಆಗಸ್ಟ್ ತಿಂಗಳಲ್ಲಿ ಇಡೀ ಭಾರತದಲ್ಲಿ ವಾಡಿಕೆಗಿಂತ ಶೇಕಡಾ 36ರಷ್ಟು ಮಳೆ ಕಡಿಮೆಯಾಯಿತು. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟು ಬಂದಿರಲಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಅಷ್ಟು ದೊಡ್ಡ ಬರಕ್ಕೆ ಸಮುದ್ರದ ಬಿಸಿ, ಗಾಳಿಯ ದಾರಿ ಮುಂತಾದ ದೊಡ್ಡ ಕಾರಣಗಳಿರುತ್ತವೆ. ಯಾವ ಕಾರಣಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳಬೇಕಾದರೆ ಅಳತೆ ಬೇಕು. ಅದಕ್ಕಾಗಿಯೇ ಇಷ್ಟೆಲ್ಲ ಪ್ರಯತ್ನ.

ರಾಮನ್ ಅವರ ತಕ್ಕಡಿ

ಧೂಳು, ಮೋಡವಾದರೆ ಬೆಳಕಿಗೆ ಎದುರಾಗುತ್ತವೆ. ಕಾಣದ ಆವಿಯನ್ನು ತೂಗುವುದು ಹೇಗೆ? ಇಲ್ಲಿ ನಮ್ಮವರೇ ಕಂಡುಹಿಡಿದ ಒಂದು ಸತ್ಯ ಕೆಲಸಕ್ಕೆ ಬಂದಿದೆ. ಸರ್ ಸಿ. ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಒಂದು ಹೊಸ ಸಂಗತಿಯನ್ನು ಕಂಡರು. ಬೆಳಕು ಒಂದು ವಸ್ತುವಿನ ಅಣುವಿಗೆ ತಗುಲಿ ಚೆದರಿದಾಗ ಬಹುಪಾಲು ತನ್ನ ಬಣ್ಣದಲ್ಲಿಯೇ ಹಿಂದಿರುಗುತ್ತದೆ. ಆದರೆ ಬಹಳ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ವಸ್ತುವಿನ ಗುರುತು. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದರು, 1970ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನಲ್ಲಿಯೇ ನೆಲೆಸಿದರು.

ಕುರಿ ಕಾಯುವವರು ಕಿವಿಯ ಕೊರೆತ ನೋಡಿ ಇದು ಯಾರ ಹಿಂಡಿನ ಕುರಿ ಎಂದು ಹೇಳುತ್ತಾರಲ್ಲ, ಹಾಗೆಯೇ ಬಣ್ಣದ ಗುರುತು. ಬೆಳಕಿನ ಬಣ್ಣವನ್ನು ಅಲೆಯ ಉದ್ದದಿಂದ ಅಳೆಯುತ್ತಾರೆ, ಅದಕ್ಕೆ ನ್ಯಾನೋಮೀಟರು ಎಂಬ ಸಣ್ಣ ಮಾನವಿದೆ. 355 ನ್ಯಾನೋಮೀಟರಿನ ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟರೆ, ಸಾರಜನಕಕ್ಕೆ ತಗುಲಿ ಬಣ್ಣ ಬದಲಿಸಿದ ಬೆಳಕು 387ರಲ್ಲಿ ಬರುತ್ತದೆ. ನೀರಿನ ಆವಿಗೆ ತಗುಲಿದ್ದು 408ರ ಹತ್ತಿರ ಬರುತ್ತದೆ. ಎರಡನ್ನೂ ಬೇರೆ ಬೇರೆ ಸೋಸಿ ಎಣಿಸುತ್ತಾರೆ.

ಸಾರಜನಕವನ್ನು ಯಾಕೆ ಎಣಿಸಬೇಕು? ಒಣ ಗಾಳಿಯಲ್ಲಿ ಸಾರಜನಕ ಯಾವಾಗಲೂ ನೂರಕ್ಕೆ 78 ಪಾಲು. ಅದು ಏರುವುದಿಲ್ಲ, ಇಳಿಯುವುದಿಲ್ಲ. ತಕ್ಕಡಿಯ ಒಂದು ಪರಡಿಯಲ್ಲಿ ಇಡುವ ತೂಕದ ಕಲ್ಲಿನಂತೆ ಅದನ್ನು ನಂಬಬಹುದು. ಇನ್ನೊಂದು ಪರಡಿಯಲ್ಲಿ ಆವಿಯ ಬೆಳಕು. ಎರಡನ್ನೂ ಹೋಲಿಸಿ, ಮೊದಲೇ ಬಲೂನಿನ ಉಪಕರಣದೊಂದಿಗೆ ಒಮ್ಮೆ ತಾಳೆ ನೋಡಿಟ್ಟುಕೊಂಡರೆ, ಒಂದೊಂದು ಎತ್ತರದಲ್ಲಿಯೂ ಒಂದು ಕಿಲೋ ಗಾಳಿಗೆ ಎಷ್ಟು ಗ್ರಾಂ ಆವಿ ಎಂದು ಬರುತ್ತದೆ. ಹವಾಮಾನ ಇಲಾಖೆಯ ಬಲೂನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಮೇಲೇರುತ್ತದೆ. ಲೈಡಾರು ನಿಮಿಷ ನಿಮಿಷಕ್ಕೂ ಲೆಕ್ಕ ಕೊಡುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಹಸಿಗಾಳಿ ನುಗ್ಗಿತು, ಎಷ್ಟು ಎತ್ತರದವರೆಗೆ ನುಗ್ಗಿತು ಎಂಬುದು ಕಣ್ಣ ಮುಂದೆ ನಿಲ್ಲುತ್ತದೆ.

ಇದಕ್ಕೊಂದು ಕೊರತೆಯೂ ಇದೆ. ಬಣ್ಣ ಬದಲಿಸಿದ ಬೆಳಕು ಬಹಳ ಕ್ಷೀಣ. ಹಗಲಿನ ಬಿಸಿಲಿನಲ್ಲಿ ಅದನ್ನು ಹಿಡಿಯುವುದು ಮಧ್ಯಾಹ್ನ ಮಿಂಚುಹುಳ ಹುಡುಕಿದಂತೆ. ಆದುದರಿಂದ ಇಂಥ ಅಳತೆ ಹೆಚ್ಚಾಗಿ ರಾತ್ರಿಯ ಕೆಲಸ. ಇದಕ್ಕೆ ಬದಲಾಗಿ ಎರಡು ಬಣ್ಣಗಳ ಇನ್ನೊಂದು ವಿಧಾನವೂ ಇದೆ: ಆವಿ ನುಂಗುವ ಬಣ್ಣ ಒಂದು, ನುಂಗದ ಬಣ್ಣ ಒಂದು. ಎರಡನ್ನೂ ಬಿಟ್ಟು, ಹಿಂದಿರುಗಿದಾಗ ಎಷ್ಟು ವ್ಯತ್ಯಾಸವಾಯಿತು ಎಂದು ನೋಡಿದರೆ ನುಂಗಿದ ಆವಿಯ ಲೆಕ್ಕ ಸಿಕ್ಕುತ್ತದೆ.

ನಮ್ಮ ಸುತ್ತಿನ ಬೆಳಕಿನ ಕೋಲುಗಳು

ಇವೆಲ್ಲ ದೂರದೇಶದ ಕಥೆಗಳೆಂದು ತಿಳಿಯಬೇಡಿರಿ. ತಿರುಪತಿಯ ಹತ್ತಿರ ಗಾದಂಕಿ ಎಂಬ ಊರಿದೆ. ಅಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾಲಯದಲ್ಲಿ ಜಪಾನಿನವರ ಸಹಕಾರದಿಂದ 1998ರಲ್ಲಿ ಒಂದು ಲೈಡಾರನ್ನು ನಿಲ್ಲಿಸಿದರು. ಅದರ ಬೆಳಕು ಹಸಿರು, 532 ನ್ಯಾನೋಮೀಟರಿನದು. ಮೊದಲಿಗೆ ಸೆಕೆಂಡಿಗೆ 20 ಸಿಡಿತ ಬಿಡುತ್ತಿತ್ತು. ಬೆಳಕು ಕೂಡಿಸಲು ಮುಕ್ಕಾಲು ಮೀಟರು ಅಗಲದ ಕನ್ನಡಿ. ಎತ್ತರದ ಹಿಮಮೋಡಗಳ ಬಗ್ಗೆ, ಧೂಳಿನ ಪದರುಗಳ ಬಗ್ಗೆ ಅಲ್ಲಿ ಬಹಳ ಅಳತೆಗಳಾಗಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿಯೇ ಲೈಡಾರಿನಿಂದ ಧೂಳನ್ನು ಅಳೆಯತೊಡಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಸಣ್ಣ ಸಿಡಿತದ ಲೈಡಾರಿನಿಂದ ಬೆಂಗಳೂರಿನ ಮೇಲಿನ ಧೂಳಿನ ಪದರುಗಳನ್ನು ಅಳೆದು 2006ರಲ್ಲಿ ಪ್ರಕಟಿಸಿದರು.

ಅದೇ 2006ರ ಮಾರ್ಚಿಯಿಂದ ಮೇ ತಿಂಗಳವರೆಗೆ ವಿಮಾನದಲ್ಲಿಯೂ ಲೈಡಾರನ್ನು ಇಟ್ಟುಕೊಂಡು ದೇಶದ ಹಲವು ಕಡೆ ಹಾರಿ ನೋಡಿದರು. ಬೇಸಿಗೆಯಲ್ಲಿ ಧೂಳು ಹೊಗೆ ನೆಲದ ಹತ್ತಿರವೇ ಇರುತ್ತದೆಂಬ ಎಣಿಕೆ ಪೂರ್ತಿ ನಿಜವಲ್ಲವೆಂದು ಆಗ ಕಂಡಿತು. ಕೆಲವು ಕಿಲೋಮೀಟರು ಎತ್ತರದಲ್ಲಿಯೂ ಅದರ ದಟ್ಟ ಪದರುಗಳಿದ್ದವು. ಬಿಸಿಲು ನುಂಗುವ ಅಂಥ ಪದರು ಮೇಲಿನ ಗಾಳಿಯನ್ನೇ ಕಾಯಿಸುತ್ತದೆ. ಮೇಲಿನ ಗಾಳಿ ಕಾದರೆ ಕೆಳಗಿನ ಆವಿ ಏರುವುದಕ್ಕೆ ಮುಚ್ಚಳ ಹಾಕಿದಂತೆ.

ಆಕಾಶದ ಮೇಲಿಂದ ಕೆಳಮುಖವಾಗಿ ನೋಡುವ ಲೈಡಾರುಗಳೂ ಉಂಟು. 2006ರ ಏಪ್ರಿಲಿನಲ್ಲಿ ಹಾರಿಸಿದ ಕ್ಯಾಲಿಪ್ಸೊ ಎಂಬ ಉಪಗ್ರಹ 2023ರ ಆಗಸ್ಟಿನವರೆಗೆ ಭೂಮಿಯನ್ನು ಸುತ್ತುತ್ತ ಮೋಡ, ಧೂಳುಗಳ ಪದರನ್ನು ಬೆಳಕಿನಿಂದ ಕೊರೆದು ನೋಡಿತು. 2024ರ ಮೇ ತಿಂಗಳಲ್ಲಿ ಯುರೋಪು ಮತ್ತು ಜಪಾನಿನವರು ಕೂಡಿ ಅರ್ತ್‌ಕೇರ್ ಎಂಬ ಇನ್ನೊಂದನ್ನು ಹಾರಿಸಿದರು. ಇಂಥವುಗಳ ದಾರಿಯಲ್ಲಿ ನಮ್ಮ ಸೀಮೆಯ ಮುಗಿಲೂ ಬರುತ್ತದೆ.

ಇನ್ನು ರಾಡಾರು ಎಂಬ ಹೆಸರನ್ನೂ ನೀವು ಕೇಳಿದ್ದೀರಿ. ಅದು ರೇಡಿಯೋ ಅಲೆಯಿಂದ ನೋಡುತ್ತದೆ, ದೊಡ್ಡ ಮಳೆಹನಿಯನ್ನು ಚೆನ್ನಾಗಿ ಕಾಣುತ್ತದೆ, ದಟ್ಟ ಮೋಡವನ್ನೂ ಹಾಯುತ್ತದೆ. ಲೈಡಾರಿನ ಬೆಳಕು ದಟ್ಟ ಮೋಡದೊಳಗೆ ಕೆಲವು ನೂರು ಮೀಟರಿಗೇ ಸೋತುಹೋಗುತ್ತದೆ. ಆದರೆ ರಾಡಾರಿಗೆ ಕಾಣದ ಹೊಗೆ, ಧೂಳು, ತೆಳು ಮೋಡ ಲೈಡಾರಿಗೆ ಕಾಣುತ್ತವೆ. ಎತ್ತು ಎರಡಿದ್ದರೆ ಗಳೆ ನಡೆಯುತ್ತದೆ. ಹಾಗೆಯೇ ಇವೆರಡೂ ಕೂಡಿಯೇ ಕೆಲಸ ಮಾಡಬೇಕು.

ಮೋಡ ಬಿತ್ತನೆಯ ಮಾತು

“ಇಷ್ಟೆಲ್ಲ ಅಳೀತೀರಿ, ಸರಿ. ಮಳಿ ಬೀಳಸ್ತೀರೇನು?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರ್ನಾಟಕ ಸರ್ಕಾರ 2003ರಲ್ಲಿ ‘ವರುಣ’ ಎಂದು, 2017ರಲ್ಲಿ ‘ವರ್ಷಧಾರೆ’ ಎಂದು ವಿಮಾನಗಳಿಂದ ಮೋಡ ಬಿತ್ತನೆ ನಡೆಸಿತು. ನಮ್ಮಂತೆಯೇ ಮಳೆ ನೆರಳಿನ ಸೊಲ್ಲಾಪುರದಲ್ಲಿ ಪುಣೆಯ ಸಂಸ್ಥೆ 2018 ಮತ್ತು 2019ರಲ್ಲಿ ದೊಡ್ಡ ಪರೀಕ್ಷೆ ಮಾಡಿತು. ಕೆಲವು ಮೋಡಗಳಿಗೆ ಉಪ್ಪಿನ ಕಣ ಬಿಟ್ಟರು, ಕೆಲವಕ್ಕೆ ಬಿಡದೆ ಹೋಲಿಸಿ ನೋಡಿದರು. ಬಿತ್ತಿದ ಜಾಗದಿಂದ ಗಾಳಿ ಹೋಗುವ ದಿಕ್ಕಿನಲ್ಲಿ 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇಕಡಾ 18ರಷ್ಟು ಮಳೆ ಹೆಚ್ಚಿತೆಂದು ಆಮೇಲೆ ಪ್ರಕಟಿಸಿದರು.

ಇದರಿಂದ ಕಲಿಯಬೇಕಾದದ್ದು ಎರಡು ಮಾತು. ಒಂದು, ಬರಿ ಮುಗಿಲಿನಿಂದ ಯಾರೂ ಮಳೆ ತರಲಾರರು. ಹದವಾದ ಮೋಡ ಇದ್ದರೆ ಮಾತ್ರ ಬಿತ್ತನೆ. ಹದವಿಲ್ಲದ ಹೊಲದಲ್ಲಿ ಕೂರಿಗೆ ಹೂಡಿದರೆ ಬೀಜವೂ ಹೋಯಿತು, ದುಡಿಮೆಯೂ ಹೋಯಿತು. ಎರಡು, ಹದವನ್ನು ತಿಳಿಯಲು ಅಳತೆ ಬೇಕು. ಮೋಡದ ತಳ ಎಷ್ಟು ಎತ್ತರ, ಅದರ ಕೆಳಗೆ ಆವಿ ಎಷ್ಟು, ಹೊಗೆಯ ಕಣ ಎಷ್ಟು ಎಂಬ ಲೆಕ್ಕವಿಲ್ಲದೆ ಬಿತ್ತಿದರೆ ಬಿದ್ದ ಮಳೆ ಬಿತ್ತನೆಯಿಂದ ಬಂದದ್ದೋ, ತಾನಾಗಿ ಬಂದದ್ದೋ ಎಂದು ಹೇಳಲು ಬರುವುದಿಲ್ಲ.

ನಮ್ಮ ಕೈಯಲ್ಲಿರುವುದು

ಲೈಡಾರನ್ನು ನಾವು ಮನೆಯಲ್ಲಿ ಇಡಲಾರೆವು. ಆದರೆ ಅದು ಕಲಿಸಿದ ಪಾಠವನ್ನು ಬಳಸಬಹುದು.

ಮೊದಲನೆಯದು ಹೊಗೆ. ಹಗಲಲ್ಲಿ ನೆಲ ಕಾದಾಗ ಗಾಳಿ ಒಂದು, ಎರಡು, ಬೇಸಿಗೆಯಲ್ಲಿ ಮೂರು ಕಿಲೋಮೀಟರಿನವರೆಗೂ ಕಲಕುತ್ತದೆ. ಹೊಗೆ ಮೇಲೇರಿ ತೆಳುವಾಗುತ್ತದೆ. ರಾತ್ರಿ ಈ ಪದರು ಕೆಲವು ನೂರು ಮೀಟರಿಗೆ ಕುಗ್ಗುತ್ತದೆ. ಸಂಜೆ ಹಚ್ಚಿದ ಬೆಂಕಿಯ ಹೊಗೆ ಊರಿನ ಮೇಲೆಯೇ ಮಲಗುತ್ತದೆ, ಬೆಳಗಿನವರೆಗೆ ಮಕ್ಕಳು, ಮುದುಕರು ಅದನ್ನೇ ಉಸಿರಾಡಬೇಕು. ಗಂಗಾವತಿ ಕಡೆ ಎಡದಂಡೆ ಕಾಲುವೆಯ ಕೆಳಗೆ ಭತ್ತ ಕೊಯ್ದ ಮೇಲೆ ಹುಲ್ಲಿಗೆ ಬೆಂಕಿ ಹಚ್ಚುವವರಿದ್ದಾರೆ. ಅದೇ ಹೊತ್ತಿನಲ್ಲಿ ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ದನಕ್ಕೆ ಮೇವಿಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಸುಡುವುದು, ಇನ್ನೊಂದು ಕಡೆ ಹಸಿಯುವುದು ಸರಿಯೇ? ಹುಲ್ಲನ್ನು ಕಟ್ಟಿಸಿ ಮಾರಿದರೆ ಸುಟ್ಟವನಿಗೆ ನಾಲ್ಕು ಕಾಸು, ಕೊಂಡವನ ಕೊಟ್ಟಿಗೆಗೆ ಮೇವು, ಮುಗಿಲಿಗೆ ಹೊಗೆ ಕಡಿಮೆ.

ಎರಡನೆಯದು ಅಡಿಗೆಮನೆ. ಬೆಳಕಿಂಡಿಯ ಬಿಸಿಲಿನಲ್ಲಿ ಹೊಗೆ ನೀಲಿಯಾಗಿ ಕಂಡರೆ ಅದರಲ್ಲಿ ಅತಿ ಸಣ್ಣ ಕಣಗಳಿವೆ ಎಂದು ತಿಳಿಯಿರಿ. ಅವು ಪುಪ್ಪುಸದ ಒಳತುದಿಯವರೆಗೂ ಇಳಿಯುತ್ತವೆ. ಒಲೆಗೆ ಹೊಗೆಗೂಡು ಹಾಕಿಸುವುದು ತಾಯಂದಿರ ಎದೆಗೆ ಮಾಡುವ ದೊಡ್ಡ ಉಪಕಾರ.

ಮೂರನೆಯದು ಕಾರ್ಖಾನೆಯ ಧೂಳು. ಎಲೆಯ ಮೇಲೆ ಕರಿ ಕುಳಿತಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಬಾಯಿಮಾತಿನಲ್ಲಿಯೇ ಉತ್ತರ ಬರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಗಾಳಿ ಯಾವ ದಿಕ್ಕಿನದು, ಎಷ್ಟು ಹೊಲದ ಮೇಲೆ ಬಿತ್ತು ಎಂದು ಊರವರು ಒಂದು ಪುಸ್ತಕದಲ್ಲಿ ಬರೆದಿಡಿರಿ. ಗಾಳಿಯನ್ನು ಅಳೆಯಿರಿ, ಅಳತೆಯನ್ನು ನಮಗೆ ತೋರಿಸಿರಿ ಎಂದು ಕೇಳುವ ಹಕ್ಕು ಊರಿಗೆ ಇದೆ. ಬರೆದಿಟ್ಟ ಊರಿನ ಮಾತಿಗೆ ತೂಕ ಹೆಚ್ಚು.

ನಾಲ್ಕನೆಯದು ಮಳೆಯ ಅಳತೆ. ನೇರ ಗೋಡೆಯ ಒಂದು ಡಬ್ಬಿಯನ್ನು ಗಿಡ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ಇಡಿರಿ. ಮಳೆ ನಿಂತ ಕೂಡಲೇ ಅಳತೆಪಟ್ಟಿಯಿಂದ ನೀರಿನ ಎತ್ತರ ನೋಡಿ ದಿನಾಂಕದೊಡನೆ ಬರೆಯಿರಿ. ಒಂದು ಮಿಲಿಮೀಟರು ಮಳೆಯೆಂದರೆ ಎಕರೆಗೆ ಸುಮಾರು 4000 ಲೀಟರು. ಮೊದಲ ಮಳೆಗೆ ಆಸೆಪಟ್ಟು ಬಿತ್ತಬೇಡಿರಿ. ಗುದ್ದಲಿ ಹಾಕಿ ನೋಡಿರಿ. ತೇವ ಗೇಣಿನ ಆಳಕ್ಕೆ ಇಳಿದಿದ್ದರೆ ಕೂರಿಗೆ ಹೂಡಿರಿ. ಮೇಲಷ್ಟೇ ನೆಂದಿದ್ದರೆ ಇನ್ನೊಂದು ಮಳೆ ಕಾಯಿರಿ. ಮುಗಿಲಿನಲ್ಲಿ ಎಷ್ಟಿದೆ ಎಂಬ ಲೆಕ್ಕ ವಿಜ್ಞಾನಿಗಳದು, ನೆಲದಲ್ಲಿ ಎಷ್ಟಿಳಿಯಿತು ಎಂಬ ಲೆಕ್ಕ ನಮ್ಮದು.

ಬದುವಿನ ಮೇಲೆ ನಿಂತ ಹುಡುಗನಿಗೆ ಅಜ್ಜ ಕೊಟ್ಟ ಉತ್ತರ ಸುಳ್ಳಲ್ಲ. ಅಜ್ಜ ಅರವತ್ತು ಮುಂಗಾರು ಕಂಡು ಕಲಿತದ್ದನ್ನು ಒಂದು ಮಾತಿನಲ್ಲಿ ಹೇಳಿದ. ಹುಡುಗ ಶಾಲೆಯಲ್ಲಿ ಕಲಿತು ಅದನ್ನೇ ಅಂಕಿಯಲ್ಲಿ ಹೇಳುವ ಕಾಲ ಬಂದಿದೆ. ಇವತ್ತೇ ಅವನ ಕೈಗೆ ಒಂದು ಡಬ್ಬಿ, ಒಂದು ಅಳತೆಪಟ್ಟಿ, ಒಂದು ಪುಸ್ತಕ ಕೊಡಿರಿ. “ತಮ್ಮಾ, ನಿನ್ನಿ ಮಳಿ ಎಷ್ಟಾತು?” ಎಂದು ಅಜ್ಜ ಕೇಳಿದರೆ “ಹನ್ನೆರಡು ಮಿಲಿಮೀಟರು, ಯಜ್ಜಾ” ಎಂದು ಅವನು ಹೇಳಲಿ. ಬಿತ್ತಬೇಕೋ, ಕಾಯಬೇಕೋ ಎಂಬುದನ್ನು ಆಗ ಮನೆಯವರೆಲ್ಲ ಕುಳಿತು ನಿಶ್ಚಯಿಸಬಹುದು.